ಬರಿಹೊಟ್ಟೆಗೆ ಹಸಿಮೇವು

ಮಂಜಲ್‌ಪುರ, ವಡೋದರಾ
೧೮ ಜನವರಿ ೨೦೨೫

ಚಿ. ಸೌ. ಸುಮತಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರಿಸಲಿಲ್ಲ. ಕೋಪ ಮಾಡಿಕೋ, ಆದರೆ ಓದು. ಸೂರತ್‌ನಲ್ಲಿ ಕ್ಯಾಂಟೀನಿನ ಹಿಂದೆ ನೀವೂ ಹಸು ಕಟ್ಟುತ್ತೀರಂತೆ, ಮೇವಿನ ವಿಷಯ ಕೇಳಿದ್ದಿ. ನಮ್ಮೂರಿನ ಬೈಹುಲ್ಲಿನ ಬುದ್ಧಿ ಇಲ್ಲಿ ನಡೆಯುವುದಿಲ್ಲ ಮಾರಾಯ್ತಿ. ಬೈಹುಲ್ಲು ಅಂದರೆ ಕಾಳು ಉದುರಿಸಿದ ಮೇಲೆ ಉಳಿದ ಕಡ್ಡಿ. ಹೊಟ್ಟೆ ತುಂಬುತ್ತದೆ, ಹಾಲು ಬರುವುದಿಲ್ಲ. ಹಸಿರಿರುವಾಗಲೇ ಕೊಯ್ದು ಒಣಗಿಸಿದ ಹುಲ್ಲೇ ಬೇರೆ, ಅದರಲ್ಲಿ ಸತ್ವ ಉಳಿದಿರುತ್ತದೆ. ಒಣಗಿದ ಜೋಳದ ದಂಟಿಗೆ ಇಲ್ಲಿ ಕಡಬ್ ಅನ್ನುತ್ತಾರೆ. ನಮ್ಮ ಕುದುರೆ ಮೆಂತೆ ಇವರ ರಜಕೊ. ಹಸಿ ರಜಕೊ ಬರಿಹೊಟ್ಟೆಗೆ ಬಿದ್ದರೆ ವಿಷ. ಇದೆಲ್ಲ ಹೇಳಿಕೊಟ್ಟವನು ನಮ್ಮ ದನ ನೋಡಿಕೊಳ್ಳುವ ಜೀವಣ್‌ಭಾಯಿ. "ಪಹೇಲಾ ಸೂಕುಂ, ಪಛೀ ಲೀಲುಂ, ಬೆನ್" ಎಂದು ದಿನವೂ ಹೇಳುತ್ತಿದ್ದ. ಮೊದಲು ಒಣಗಿದ್ದು, ಆಮೇಲೆ ಹಸಿ, ಅಕ್ಕಾ ಅಂತ. ನಾನು ಹೂಂ ಅನ್ನುತ್ತಿದ್ದೆ.

ಸಂಕ್ರಾಂತಿಗೆ ಇಲ್ಲಿ ದನಕ್ಕೆ ಹಸಿಮೇವು ತಿನ್ನಿಸಿದರೆ ಪುಣ್ಯ. ಬೀದಿಗೊಂದು ರಜಕೊ ರಾಶಿ. ಅವತ್ತು ಬೆಳಿಗ್ಗೆ ನಮ್ಮ ಹಸು ಗೌರಿಯ ಎಡಹೊಟ್ಟೆ ಚಂಡೆಯಂತೆ ಬಿಗಿದು, ನಾಲಗೆ ಹೊರಬಿತ್ತು. ಡಾಕ್ಟರು ಬರುವಷ್ಟರಲ್ಲಿ ಕಾಲು ಬಡಿದು ಬಡಿದು ಸತ್ತಳು. ತುಂಬು ಗಬ್ಬ ಬೇರೆ. ಬಾಯಲ್ಲಿ ರಜಕೊ ಹಾಗೇ ಇತ್ತು.

ನಿನ್ನ ಭಾವನಿಗೆ ತಾವು ನಡೆಸುವ ಹೋಟೆಲಿಗಿಂತ ಗೌರಿಯೇ ಹೆಚ್ಚು. ಜೀವಣ್‌ಭಾಯಿ ಕಡಬ್ ಹೊರೆ ಹೊತ್ತು ಬರುತ್ತಿದ್ದಂತೆ, ಇಳಿಸಲೂ ಬಿಡದೆ, ಕಬ್ಬಿಣದ ಗೂಟ ಕಿತ್ತು ಬಾರಿಸಿದರು. ಮುಖಕ್ಕೆ, ಬೆನ್ನಿಗೆ. ಅಡ್ಡ ಹಿಡಿದ ಕೈ ಮುರಿದ ಸದ್ದು ನನಗೆ ಕೇಳಿತು. ಎರಡು ಹಲ್ಲು ಸಗಣಿಯ ಮೇಲೆ ಬಿದ್ದವು. ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಇವರ ಜೊತೆಯೇನಾ ಅನ್ನಿಸಿ ಹೆದರಿಕೆಯಾಯಿತು.

"ನೀ ಒಳ್ಗ್ ಹೋಗ್. ಇವ್ನ್ ಇವತ್ತ್ ಉಳುದಿಲ್ಲ" ಅಂದರು.

ಪಕ್ಕದವರು ಹಿಡಿಯದಿದ್ದರೆ ಕೊಲೆಯೇ ಆಗುತ್ತಿತ್ತು. ಈಗ ಅವನು ಆಸ್ಪತ್ರೆಯಲ್ಲಿ. ಆ ಕೈಯಲ್ಲಿ ಇನ್ನು ಹಾಲು ಕರೆಯುವುದಕ್ಕೆ ಆಗುವುದಿಲ್ಲವಂತೆ. ಅಷ್ಟಾದರೂ ಇವರ ಸಿಟ್ಟು ಇಳಿದಿಲ್ಲ. ಬೇಕೆಂದೇ ದನ ಕೊಂದ ಎಂದು ಸೋಮವಾರ ಅವನ ಮೇಲೆಯೇ ದೂರು ಕೊಡುತ್ತಾರಂತೆ.

ನೀನು ಹಸು ಕಟ್ಟು, ಬೇಡ ಅನ್ನುವುದಿಲ್ಲ. ದೇವರು ನಿಮ್ಮ ಕೊಟ್ಟಿಗೆಯನ್ನು ತಣ್ಣಗಿಟ್ಟಿರಲಿ, ಮಕ್ಕಳು ಹಾಲು ಕುಡಿದು ಗಟ್ಟಿಯಾಗಲಿ.

ನಿನ್ನ ಅಕ್ಕ
ಸರಸ್ವತಿ

ತಾ.ಕ.: ಅವತ್ತು ಬರಿಹೊಟ್ಟೆಯ ಗೌರಿಗೆ ಇಬ್ಬನಿ ಆರದ ರಜಕೊ ಎರಡು ಕಟ್ಟು ತಿನ್ನಿಸಿದ್ದು ನಾನು. ಜೀವಣ್‌ಭಾಯಿ ಬಂದರೆ ಬೇಡ ಅನ್ನುತ್ತಾನೆ ಎಂದು ಅವನು ಬರುವ ಮೊದಲೇ ತಿನ್ನಿಸಿದೆ. ನನ್ನ ಸೆರಗಿಗೆ ಎಲೆ ಅಂಟಿದ್ದನ್ನು ಅವನು ಕಂಡ. ಏಟು ಬೀಳುವಾಗ ನನ್ನ ಕಡೆ ನೋಡಿದ, ಬಾಯಿ ಬಿಡಲಿಲ್ಲ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.