ಗಾಳಿ ತೆಗೆದ ಪೊಟ್ಟಣ

ಪಲ್ಲಾವರಂ, ಚೆನ್ನೈ
೧೮ ಜುಲೈ ೨೦೨೫, ಶುಕ್ರವಾರ

ಚಿ. ಸೌ. ವೃಂದಾಳಿಗೆ ನಿನ್ನ ಅಣ್ಣನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು, ಅಲ್ಲಿಯ ಕ್ಷೇಮ ಕೇಳಿ, ಆಮೇಲೆ ವಿಷಯಕ್ಕೆ ಬರುವುದು ಅಪ್ಪನ ಪದ್ಧತಿಯಾಗಿತ್ತು. ನನಗೆ ಮೊದಲ ಸಾಲಿನಲ್ಲೇ ಪೆನ್ನು ನಿಂತಿತು. ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಅಮ್ಮ ಇದ್ದಾಳೆ. ಊಟ ಮಾಡುತ್ತಾಳೆ. ಗೋಡೆ ಹಿಡಿದುಕೊಂಡು ದೇವರ ಮನೆಯವರೆಗೆ ನಡೆಯುತ್ತಾಳೆ.

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ಏಪ್ರಿಲ್‌ನಲ್ಲಿ ಅಮ್ಮನನ್ನು ನಿನ್ನ ಯಜಮಾನರು ಅನಿಲ್ ಬ್ಯಾಂಕಾಕಿನ ನಿಮ್ಮ ಮನೆಯಿಂದ ಕರೆತಂದು ಬಿಟ್ಟುಹೋದ ಮೇಲೆ ನಿನಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಮಾತು ಔಷಧಿಗಳ ಹೆಸರಿನಲ್ಲೇ ಮುಗಿಯಿತು. ಈಗ ಕಾಗದ ಏಕೆ ಎಂದರೆ, ವಾಟ್ಸಾಪಿನಲ್ಲಿ ಬರೆದರೆ ನೀನು ಓದಿದ ಗುರುತು ಕಾಣುತ್ತದೆ. ಆ ಗುರುತನ್ನು ಕಾಯುತ್ತ ಕೂರುವುದು ನನ್ನಿಂದ ಆಗದು.

ಮೊದಲು ಅಮ್ಮನ ಸಮಾಚಾರ. ರೆಪ್ಪೆಗಳು ಇನ್ನೂ ತಾವಾಗಿ ಪೂರ್ತಿ ಏಳುವುದಿಲ್ಲ. ಯಾರಾದರೂ ಬಂದರೆ ತೋರುಬೆರಳಿನಿಂದ ಒಂದು ರೆಪ್ಪೆಯನ್ನು ಎತ್ತಿ ನೋಡುತ್ತಾಳೆ, ಗುರುತು ಹಿಡಿದು ಬಿಟ್ಟುಬಿಡುತ್ತಾಳೆ. ಎರಡನ್ನೂ ಎತ್ತಿದರೆ ಎಲ್ಲವೂ ಎರಡೆರಡು. ಹೋದ ವಾರ ಎಲೆ ಹಾಕಿ ಬಡಿಸುತ್ತಿದ್ದೆ.

"ಅವನಿಗೂ ಬಡಿಸೋ," ಎಂದಳು.

"ಯಾರಿಗಮ್ಮ?"

"ನಿನ್ನ ಪಕ್ಕದಲ್ಲಿ ನಿಂತಿದಾನಲ್ಲ, ನಿನಗಿಂತ ಚೂರು ಮೇಲೆ."

ನಾನು ನಕ್ಕೆ. ಅವಳು ನಗಲಿಲ್ಲ. "ಅದೂ ನೀನೇ ಅಂತ ಗೊತ್ತು ಕಣೋ. ಆದರೂ ಎದುರಿಗೆ ನಿಂತೋನನ್ನ ಕೇಳದೆ ಹ್ಯಾಗೆ ಉಣ್ಣೋದು?"

ದನಿ ಮೂಗಿನಿಂದ ಬರುತ್ತದೆ. ಮುಚ್ಚಿದ ಕೊಡದೊಳಗಿನಿಂದ ಯಾರೋ ಮಾತಾಡಿದ ಹಾಗೆ. ನಮ್ಮ ಮನೆಯ ಮೇಲೆ ವಿಮಾನಗಳು ಎಷ್ಟು ಕೆಳಗೆ ಹಾರುತ್ತವೆಂದು ನಿನಗೆ ಗೊತ್ತು. ಪ್ರತಿ ವಿಮಾನಕ್ಕೂ "ಬಂತಾ, ಹೋಯ್ತಾ?" ಎಂದು ಕೇಳುತ್ತಾಳೆ. ಸದ್ದಿನಲ್ಲೇ ಅವಳಿಗೆ ಗೊತ್ತಾಗುತ್ತದೆ, ನನ್ನನ್ನು ಪರೀಕ್ಷಿಸಲು ಕೇಳುತ್ತಾಳೆ. ಶಾಕವ್ರತ ನಡೆದಿದೆ. ಮನೆಗೆ ತರಕಾರಿ, ಗೆಡ್ಡೆ ಯಾವುದೂ ಬರುವುದಿಲ್ಲ. ಅದರಿಂದ ನನಗೆ ಒಂದು ಬಗೆಯ ಬಿಡುವು ಸಿಕ್ಕಿದೆ. ಯಾಕೆಂದು ಮುಂದೆ ಬರೆಯುತ್ತೇನೆ.

ಇನ್ನೊಂದು ವಿಷಯವಿದೆ, ಹೆದರಬೇಡ. ಊಟವಾದ ಮೇಲೆ ಅಮ್ಮ ಮಲಗಿ ಮಾತಾಡುತ್ತಾಳೆ. ಕನ್ನಡವಲ್ಲ, ತಮಿಳಲ್ಲ. ಜ್ವರದ ಬಡಬಡಿಕೆ ಇರಬೇಕು ಎಂದುಕೊಂಡೆ, ಹಣೆ ಮುಟ್ಟಿದರೆ ತಣ್ಣಗಿತ್ತು. ಒಂದು ದಿನ ಫೋನಿನಲ್ಲಿ ಅದನ್ನು ಹಿಡಿದಿಟ್ಟು ನಮ್ಮ ಆಫೀಸಿನ ಸುಘೋಷನಿಗೆ ಕೇಳಿಸಿದೆ. ವರ್ಷಕ್ಕೆ ನಾಲ್ಕು ಸಲ ಯಾತ್ರಿಗಳನ್ನು ಆ ಕಡೆ ಕರೆದುಕೊಂಡು ಹೋಗುವವನು ಅವನು, ಥಾಯ್ ಭಾಷೆ ಅಷ್ಟಿಷ್ಟು ಬರುತ್ತದೆ. ಅರ್ಧ ಕೇಳಿ ಫೋನನ್ನು ಮೇಜಿನ ಮೇಲಿಟ್ಟ.

"ಸಾರ್, ಇದು ನರ್ಸುಗಳು ಮಾತಾಡ್ಕೊಳ್ಳೋದು. ಎಡಕ್ಕೆ ತಿರುಗಿಸು, ಬೆನ್ನು ನೋಡು ಅಂತ. ಆಮೇಲೆ, ಇವರ ಮಗಳು ಇವತ್ತೂ ಏನೂ ತಿಂದಿಲ್ಲ ಅಂತ. ಅಮ್ಮಂಗೆ ಥಾಯ್ ಬರುತ್ತಾ?"

"ಇಲ್ಲ."

"ನಂಗೂ ಇಷ್ಟು ಚೆನ್ನಾಗಿ ಬರಲ್ಲ ಸಾರ್," ಎಂದ. ಆಮೇಲೆ ಅವನು ನನ್ನ ಮೇಜಿನ ಕಡೆ ಅಷ್ಟಾಗಿ ಬರುವುದಿಲ್ಲ.

ಯಂತ್ರದ ಉಸಿರಿನಲ್ಲಿ ಐದು ವಾರ ಮಲಗಿದ್ದಾಗ ಅಮ್ಮನಿಗೆ ಏನೂ ತಿಳಿಯುತ್ತಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಕೇಳಿದೆ. "ಕಣ್ಣು, ನಾಲಿಗೆ, ಕೈಕಾಲು ಎಲ್ಲಾ ಮುಚ್ಚಿದ್ರು. ಕಿವಿ ಮುಚ್ಚೋದು ಮರೆತ್ರು ನೋಡು," ಎಂದಳು. ತಿಳಿದ ಭಾಷೆ, ತಿಳಿಯದ ಭಾಷೆ ಎಲ್ಲವೂ ಒಳಗೆ ಉಳಿದಿದೆ. ಅನಿಲ್ ಅಲ್ಲೇ ಕೂತು ಮಗಳು ಪಾವನಾಳಿಗೆ ಗುಣಾಕಾರ ಹೇಳಿಕೊಟ್ಟದ್ದು, ನೀನು ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತದ್ದು, ಎಲ್ಲವನ್ನೂ ಅವರವರ ದನಿಯ ಏರಿಳಿತದಲ್ಲೇ ಹೇಳುತ್ತಾಳೆ. ಕ್ರಮವಿಲ್ಲ. ಒಂದು ಮಧ್ಯಾಹ್ನ ಮೂರನೆಯ ವಾರ, ಮರುದಿನ ಕೊನೆಯ ದಿನ. ಯಾವ ದಿನ ಬರುತ್ತದೆ ಎಂದು ಮೊದಲೇ ತಿಳಿಯದು. ನಾನು ಆಫೀಸಿಗೆ ಅರ್ಧ ದಿನದ ರಜೆ ಹಾಕಿ ಪಕ್ಕದಲ್ಲಿ ಕೂರುತ್ತೇನೆ.

ಹರಿದಾಸ ಮಾಮ ಭಾನುವಾರಕ್ಕೊಮ್ಮೆ ತ್ರಿಪ್ಲಿಕೇನಿನಿಂದ ತಂಗಿಯನ್ನು ನೋಡಲು ಬರುತ್ತಾರೆ. ಕಾಫಿ ಮುಗಿಯುವ ಮೊದಲೇ ಶುರು.

"ನಲವತ್ತು ವರ್ಷ ಹೋಟ್ಲು ನೀರು ಮುಟ್ಟದವಳು ಕಣೋ ಅಂಬುಜ. ಆ ಊರಿನ ಬೀದೀಲಿ ನಿಲ್ಲಿಸಿ ಏನೋ ತಿನ್ನಿಸಿದಾಳೆ. ತಿನ್ನಿಸಿದ್ದು ಯಾರು, ಹೆತ್ತ ಮಗಳು. ರೊಂಬ ಚೆನ್ನಾಗಿದೆ."

"ಡಾಕ್ಟರಿಗೂ ಖಚಿತವಾಗಿ ಗೊತ್ತಿಲ್ಲ ಮಾಮ."

"ಗೊತ್ತಿಲ್ಲದೆ ಏನು? ಹೊರಗಿನ ತಿಂಡಿಯ ಸೋಂಕು, ಅದರ ಹಿಂದೆ ಬಂದ ನರದ ಕಾಯಿಲೆ ಅಂತ ಕಾಗದದಲ್ಲೇ ಬರೆದಿದಾರಲ್ಲ. ಊರಿಗೆಲ್ಲಾ ಬುದ್ಧಿ ಹೇಳೋನು ನೀನು, ತಂಗೀಗೆ ಒಂದು ಮಾತು ಹೇಳೋಕೆ ಆಗಲಿಲ್ವಾ?"

ಒಳಗಿನಿಂದ ಅಮ್ಮನ ದನಿ ಬಂತು. "ಉಪೇಂದ್ರನ್ನ ಕೇಳು ಹರಿಯಣ್ಣಾ."

"ಇವನನ್ನೇನಮ್ಮ ಕೇಳೋದು?"

ನಾನು ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಮಾಮ ಇದೇ ಮಾತನ್ನು ಎರಡು ಮದುವೆಗಳಲ್ಲಿ, ಒಂದು ಶ್ರಾದ್ಧದಲ್ಲಿ ಹೇಳಿದ್ದಾರೆ. ನಿನ್ನ ಕಿವಿಗೂ ಬಿದ್ದಿರಬೇಕು.

ಹದಿನೈದು ದಿನದ ಹಿಂದೆ ಅನಿಲ್ ಫೋನ್ ಮಾಡಿದ್ದರು. ನಿನಗೆ ಹೇಳಬಾರದೆಂದು ಕೇಳಿಕೊಂಡರು, ಆದರೂ ಬರೆಯುತ್ತೇನೆ. ನೀನು ಈಗ ಮನೆಯ ಹೊರಗೆ ಹನಿ ನೀರು ಕುಡಿಯುವುದಿಲ್ಲವಂತೆ. ಆ ಅಂಗಡಿಯಿರುವ ಬೀದಿಯನ್ನು ತಪ್ಪಿಸಲು ಮಗುವನ್ನು ಶಾಲೆಗೆ ಸುತ್ತುಬಳಸಿ ಕರೆದುಕೊಂಡು ಹೋಗುತ್ತೀಯಂತೆ. ಪಾವನಾ ಅವರನ್ನು ಕೇಳಿದಳಂತೆ, ಇಂಗ್ಲಿಷಿನಲ್ಲಿ, ನಾನು ಊದಿದ್ದರಿಂದ ಅಜ್ಜಿಗೆ ಹೀಗಾಯಿತಾ ಎಂದು. ಏಳು ವರ್ಷದ ಮಗು.

ಆ ಸಂಜೆಯ ಕಥೆಯನ್ನು ಅಮ್ಮ ನನಗೆ ತಾನಾಗಿಯೇ ಹೇಳಿದಳು. "ನಮ್ಮ ಗುಳಿಯಪ್ಪದ ಬಾಣಲೆ ಕಣೋ, ಅದೇ ಗುಳಿಗಳು. ಅಕ್ಕಿಹಿಟ್ಟು, ತೆಂಗಿನ ಹಾಲು, ಅಷ್ಟೇ. ನಾನು ನೋಡ್ತಾ ನಿಂತೆ. ಆ ಹೆಂಗಸು ನನ್ನ ನೋಡಿ ನಕ್ಕಳು. ಮಗು ಒಂದು ತೊಗೊಂಡು, ಊದಿ, ಬಾಯಿ ಹತ್ರ ಹಿಡೀತು. 'ಅಜ್ಜಿ, ಜಸ್ಟ್ ಒನ್' ಅಂತು. ಬೇಡ ಅನ್ನೋಕೆ ಮನಸ್ಸಾಗಲಿಲ್ಲ." ಆಮೇಲೆ, "ರುಚಿಯಾಗಿತ್ತು," ಎಂದಳು.

ಅದರಲ್ಲಿ ಏನೂ ಇರಲಿಲ್ಲ ವೃಂದಾ. ಇದನ್ನು ಹೇಳುವುದಕ್ಕೇ ಈ ಕಾಗದ.

ನನ್ನ ಕೆಲಸ ನಿನಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ಪ್ರವಾಸದ ಆಫೀಸಿನಲ್ಲಿ ಕೂತು, ಹೊರದೇಶಕ್ಕೆ ಹೋಗುವವರ ಕೈಗೆ ಒಂದು ಹಾಳೆ ಕೊಡುತ್ತ ಬಂದಿದ್ದೇನೆ. ಬರೆದವನೂ ನಾನೇ. ಕುದಿಸದ ನೀರು ಬೇಡ. ಐಸ್ ಬೇಡ. ಹಣ್ಣಾದರೆ ನೀವೇ ಸಿಪ್ಪೆ ತೆಗೆದು ತಿನ್ನಿ. ಕಣ್ಣೆದುರು ಬೆಂದು, ಹೊಗೆಯಾಡುತ್ತಿರುವುದನ್ನು ಮಾತ್ರ ತಿನ್ನಿ. ಆ ಹಾಳೆಯ ಪ್ರಕಾರವೂ ಆ ಗುಳಿಯಪ್ಪ ತಿನ್ನಬಹುದಾದದ್ದೇ. ಮನೆಯಿಂದ ಕಟ್ಟಿಕೊಂಡು ಹೋದದ್ದರ ಬಗ್ಗೆ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ಬರೆಯಬೇಕೆಂದು ನನಗೆ ಯಾವತ್ತೂ ತೋಚಿರಲಿಲ್ಲ.

ಜನವರಿಯಲ್ಲಿ ಅಮ್ಮ ಹೊರಡುವ ಮೊದಲು ನಮ್ಮ ಶುಕ್ರವಾರದ ಸಂತೆಯಲ್ಲಿ ಒಂದು ಯಂತ್ರ ಕೊಂಡೆ, ಪ್ಲಾಸ್ಟಿಕ್ ಪೊಟ್ಟಣದ ಗಾಳಿಯನ್ನೆಲ್ಲ ಹೀರಿ ಬಾಯಿ ಅಂಟಿಸುವಂಥದ್ದು. ಯಾರೋ ಬಳಸಿ ಬಿಟ್ಟದ್ದು. ಅದರ ಜೊತೆ ಬಳಕೆಯ ಪುಸ್ತಕ ಇರಲಿಲ್ಲ. ಅಮ್ಮ ಮಡಿಯಲ್ಲಿ ಮಾಡಿದ್ದನ್ನು ಬಿಟ್ಟು ಬೇರೆ ತಿನ್ನುವವಳಲ್ಲ, ಅಲ್ಲಿ ನಿನ್ನ ಒಲೆಯ ಮೇಲೆ ದಿನವೂ ಪಲ್ಯ ಮಾಡಿಕೊಳ್ಳುವ ಶಕ್ತಿಯೂ ಇರಲಿಲ್ಲ. ಸೇಪಂಕೆಳಂಗು, ಅದೇ ನಮ್ಮ ಕೆಸವಿನ ಗೆಡ್ಡೆ, ಅವಳಿಗೆ ಇಷ್ಟ. ಮಣ್ಣು ತೊಳೆದು, ಒರೆಸಿ, ಹನಿ ನೀರು ಸೋಕಿಸದೆ ಎಣ್ಣೆಯಲ್ಲೇ ಮಂದ ಉರಿಯಲ್ಲಿ ಬೇಯಿಸಿದೆ. ನಮ್ಮಲ್ಲಿ ನೀರು ಬೀಳದೆ ಎಣ್ಣೆಯಲ್ಲಿ ಬೆಂದದ್ದಕ್ಕೆ ಮುಸುರೆಯಿಲ್ಲ, ಪ್ರಯಾಣಕ್ಕೆ ಒಯ್ಯಬಹುದು, ಎಷ್ಟು ದಿನವಾದರೂ ತಂಗಳಾಗುವುದಿಲ್ಲ. ಎದೆಯುರಿ ಎಂದು ಹುಳಿ ಹಾಕಲಿಲ್ಲ. ಹದಿಮೂರು ಪೊಟ್ಟಣ ಮಾಡಿದೆ. ಪೊಟ್ಟಣ ಗೆಡ್ಡೆಗೆ ಅಂಟಿಕೊಂಡು ಕಲ್ಲಿನ ಹಾಗೆ ಬಿಗಿಯಾಗುತ್ತಿತ್ತು. ನೋಡುವುದಕ್ಕೆ ಸಮಾಧಾನವಾಗುತ್ತಿತ್ತು. ಗಾಳಿಯಿಲ್ಲದ ಕಡೆ ಏನೂ ಬದುಕುವುದಿಲ್ಲಮ್ಮ ಎಂದು ಹೇಳಿ ಅವಳನ್ನು ವಿಮಾನ ಹತ್ತಿಸಿದೆ.

ಮೊದಲ ದಿನವೇ ನೀನು ಫೋನ್ ಮಾಡಿದ್ದೆ. "ಅಣ್ಣಾ, ಫ್ರಿಜ್‌ನಲ್ಲಿ ಇಡೋಕೆ ಬಿಡ್ತಿಲ್ಲ ಅಮ್ಮ. ಅದರೊಳಗೆ ಮೊಟ್ಟೆ ಇದೆ, ಮೈಲಿಗೆ ಅಂತಾಳೆ." ನಾನು ಏನಂದೆ ಎಂಬುದು ನಿನಗೆ ನೆನಪಿರಬಹುದು. ಬಿಡು, ಬೀರುವಿನಲ್ಲೇ ಇರಲಿ, ಏನೂ ಆಗುವುದಿಲ್ಲ ಎಂದೆ. ಅಮ್ಮ ದಿನಕ್ಕೊಂದು ಒಡೆದು ಅನ್ನದ ಜೊತೆ ಉಂಡಳು. ಹದಿಮೂರನೆಯ ದಿನ ಬೆಳಿಗ್ಗೆ ನಿಮ್ಮ ಬಾಲ್ಕನಿಯಲ್ಲಿ ಅವಳಿಗೆ ಎರಡು ಸೂರ್ಯ ಕಂಡವು.

ಉಳಿದ ಒಂದು ಪೊಟ್ಟಣ ಅವಳ ಪೆಟ್ಟಿಗೆಯಲ್ಲೇ ವಾಪಸ್ಸು ಬಂತು. ನೀನು ನೋಡಿರಲಿಕ್ಕಿಲ್ಲ, ಸೀರೆಗಳ ಮಧ್ಯೆ ಇತ್ತು. ಅದು ಚಿಕ್ಕ ದಿಂಬಿನ ಹಾಗೆ ಉಬ್ಬಿತ್ತು. ನಾನು ಗಾಳಿ ತೆಗೆದಿದ್ದೆ, ಒಳಗಿದ್ದದ್ದು ತನ್ನದೇ ಗಾಳಿಯನ್ನು ಮಾಡಿಕೊಂಡಿತ್ತು. ಕೈಯಿಟ್ಟರೆ ಚರ್ಮ ಮುಟ್ಟಿದ ಹಾಗಿತ್ತು. ಎರಡು ದಿನ ಅದನ್ನು ನನ್ನ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆ ಎರಡು ದಿನ ನಾನು ಹಜಾರದಲ್ಲಿ ಮಲಗಿದೆ.

ಆಮೇಲೆ ಒಂದು ಲ್ಯಾಬಿನವರಿಗೆ ಪರೀಕ್ಷೆಗೆ ಕೊಟ್ಟೆ. ಇಲ್ಲಿ ಆಗುವುದಿಲ್ಲವೆಂದು ಅವರು ಬೇರೆ ಊರಿಗೆ ಕಳಿಸಿದರು. ಎರಡೂವರೆ ತಿಂಗಳಾಯಿತು. ಸೋಮವಾರ ವರದಿ ಬಂದಿದೆ, ಪ್ರತಿಯನ್ನು ಇದರೊಳಗೆ ಇಟ್ಟಿದ್ದೇನೆ. ಪೊಟ್ಟಣದಲ್ಲಿ ಸಿಕ್ಕ ಸೂಕ್ಷ್ಮಜೀವಿ ಮಣ್ಣಿನದು, ಗೆಡ್ಡೆಗೆ ಅಂಟಿಕೊಂಡು ಬರುತ್ತದೆ. ಒಲೆಯ ಬಿಸಿಗೆ ಸಾಯುವುದಿಲ್ಲ. ವಾಸನೆ ಕೆಡಿಸುವುದಿಲ್ಲ ಎಂದು ಹೇಳಲಾಗದು, ಆದರೆ ಕೆಡಿಸಲೇಬೇಕೆಂದೂ ಇಲ್ಲ. ಗಾಳಿಯಿರುವ ಕಡೆ ಸುಮ್ಮನೆ ಮಲಗಿರುತ್ತದೆ. ಗಾಳಿ ತೆಗೆದರೆ ಏಳುತ್ತದೆ. ಅದರ ವಿಷ ಮೊದಲು ರೆಪ್ಪೆಯನ್ನು ಹಿಡಿಯುತ್ತದೆ, ಆಮೇಲೆ ನಾಲಿಗೆ, ಆಮೇಲೆ ಉಸಿರು. ಬುದ್ಧಿಯನ್ನು ಮುಟ್ಟುವುದಿಲ್ಲ.

ಹಾಗಾಗಿ, ಅದು ನಿನ್ನಿಂದ ಆದದ್ದಲ್ಲ. ಬೀದಿಯ ಆ ಹೆಂಗಸಿನಿಂದ ಆದದ್ದೂ ಅಲ್ಲ. ಪಾವನಾಳಿಗೆ ಇವತ್ತೇ ಹೇಳು, ಅವಳ ಭಾಷೆಯಲ್ಲೇ ಹೇಳು. ಉಪೇಂದ್ರ ಮಾಮ ತಪ್ಪು ಮಾಡಿದ ಎಂದು ಹೇಳು, ಮೃದುಮಾಡಿ ಹೇಳಬೇಡ. ಅವಳು ಊದಿ ಕೊಟ್ಟದ್ದು ಆ ಹದಿಮೂರು ದಿನಗಳಲ್ಲಿ ಅಮ್ಮ ತಿಂದ ಎಲ್ಲಕ್ಕಿಂತ ಶುದ್ಧವಾದದ್ದು. ಭಾನುವಾರ ಮಾಮ ಬಂದಾಗ ವರದಿಯನ್ನು ಅವರ ಎದುರಿಗೇ ಓದುತ್ತೇನೆ. ಆಫೀಸಿನ ಹಾಳೆಗೆ ಒಂದು ಸಾಲು ಸೇರಿಸಿದ್ದೇನೆ. ಓದಿದವರು ಯಾರೂ ಇನ್ನೂ ಏನೂ ಕೇಳಿಲ್ಲ.

ನಿನಗೆ, ಅನಿಲ್ ಅವರಿಗೆ ಆಯುರಾರೋಗ್ಯವಿರಲಿ. ಪಾವನಾ ನೂರು ವರ್ಷ ಬಾಳಲಿ, ಬೀದಿಯಲ್ಲಿ ನಿಂತು ಬೇಕಾದ್ದನ್ನು ತಿನ್ನಲಿ.

ಇಂತು ನಿನ್ನ ಅಣ್ಣ,
ಉಪೇಂದ್ರ

ತಾ. ಕ.: ಮೇಲಿನದನ್ನು ಮಡಚಿ ಲಕೋಟೆಯಲ್ಲಿ ಹಾಕಿ, ಮತ್ತೆ ತೆಗೆದಿದ್ದೇನೆ. ಅಮ್ಮ ಆಸ್ಪತ್ರೆ ಸೇರಿದ ಮರುದಿನ ಮಧ್ಯಾಹ್ನ ನೀನು ಪಾವನಾಳನ್ನು ಶಾಲೆಯಿಂದ ಕರೆತರಲು ಹೋಗಿದ್ದೆ. ಊರಿನಿಂದ ತಂದದ್ದನ್ನೂ ತಿಂದಿದ್ದಾಳೆ, ಹೇಗೆ ಮಾಡಿದ್ದೆಂದು ಅಣ್ಣನನ್ನೇ ಕೇಳಿ ಎಂದು ಡಾಕ್ಟರಿಗೆ ನಂಬರು ಕೊಟ್ಟಿದ್ದೆಯಲ್ಲ. ಅವರು ಅಮ್ಮನ ಹಾಸಿಗೆಯ ಪಕ್ಕದಿಂದಲೇ, ಸ್ಪೀಕರ್ ಹಾಕಿಕೊಂಡು ನನಗೆ ಫೋನ್ ಮಾಡಿದರು. ಬೇಯಿಸಿ, ಗಾಳಿಯಾಡದಂತೆ ಮುಚ್ಚಿ ಕಳಿಸಿದ್ದು ಏನಾದರೂ ಇತ್ತೇ ಎಂದು ಕೇಳಿದರು. ಅಲ್ಲಿಯ ಹಳ್ಳಿಗಳಲ್ಲಿ ಡಬ್ಬಿಯಲ್ಲಿ ಮುಚ್ಚಿಟ್ಟ ಕಳಲೆ ತಿಂದವರಿಗೆ ಹೀಗೇ ಆದದ್ದಿದೆಯಂತೆ. ಹಾಗಿದ್ದರೆ ಒಂದು ಮದ್ದಿದೆ, ಇವತ್ತೇ ಕೊಡಬೇಕು, ದಿನ ಕಳೆದಷ್ಟೂ ಅದರ ಪ್ರಯೋಜನ ಕಡಿಮೆ ಎಂದರು. ಅವರ ಪ್ರಶ್ನೆ ಮುಗಿಯುವ ಮೊದಲೇ ನನಗೆ ಗೊತ್ತಾಗಿತ್ತು. ಒಣ ಪುಡಿಗಳು ಮಾತ್ರ ಡಾಕ್ಟರ್, ಬೇರೆ ಏನೂ ಇಲ್ಲ ಎಂದೆ. ನೀನು ವಾಪಸ್ಸು ಬರುವಷ್ಟರಲ್ಲಿ ಅವರು ಬೀದಿಯ ತಿಂಡಿಯ ಕಡೆ ತಿರುಗಿದ್ದರು.

ನಿನ್ನೆ ಮಧ್ಯಾಹ್ನ ಅಮ್ಮ ಆ ದಿನವನ್ನು ಹೇಳಿದಳು. ಡಾಕ್ಟರ ಇಂಗ್ಲಿಷ್, ನನ್ನ ಇಂಗ್ಲಿಷ್. ಎರಡರ ನಡುವೆ ನಾನು ಸುಮ್ಮನಿದ್ದದ್ದನ್ನೂ ಅಷ್ಟೇ ಹೊತ್ತು ಸುಮ್ಮನಿದ್ದು ಹೇಳಿದಳು. ಆಮೇಲೆ ತನ್ನದೇ ದನಿಯಲ್ಲಿ, "ಪೊಟ್ಟಣ ಇತ್ತು ಡಾಕ್ಟ್ರೇ ಅಂತ ಹೇಳೋಕೆ ಎಷ್ಟು ಪಾಡು ಪಟ್ಟೆ ಗೊತ್ತೇನೋ," ಎಂದಳು. "ರೆಪ್ಪೆ ಕೂಡ ಅಲ್ಲಾಡಲಿಲ್ಲ."