ನಮ್ಮ ಓಣಿಯ ಕೆಂಪನ್ನು ವಾಪಸ್ ಕೊಡಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಈ ಸೀಮೆಯ ಮೊಟ್ಟಮೊದಲ ನಕ್ಷೆ ಬರೆದವನು ನಾನೇ. ಅದಕ್ಕೂ ಮುಂಚೆ ನಮ್ಮ ನದಿಗೆ ಯಾವ ಕಡೆ ಹರಿಯಬೇಕೆಂಬುದೇ ತಿಳಿದಿರಲಿಲ್ಲ. ಹಳ್ಳಿ ಶಾಲೆಯ ಏಳನೆಯ ತರಗತಿಗೇ ನಾನು ಓದು ನಿಲ್ಲಿಸಿದ್ದು, ಮುಂದೆ ಕಲಿಸಲು ಮೇಷ್ಟರ ಬಳಿ ಏನೂ ಉಳಿದಿರಲಿಲ್ಲ ಎಂಬ ಕಾರಣಕ್ಕೆ. ಇಂಥ ನಾನು ಕೇಳುತ್ತಿದ್ದೇನೆ: ಮಕ್ಕಳು ಮಾಡಿದ ನಕ್ಷೆಯಲ್ಲಿ ನಮ್ಮ ಓಣಿಯ ಕೆಂಪನ್ನು ಅಳಿಸಿ ಹಸಿರು ಬಳಿಸಿದಿರಲ್ಲ, ಅದರಿಂದ ನನಗಾದ ಒಂದು ಲಕ್ಷದ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ಪತ್ರಿಕೆಯ ಓದುಗರಿಗೂ ವಿಷಯ ತಿಳಿಯಲಿ. ನನ್ನ ಅಣ್ಣನ ಮಗಳು ನಿಮ್ಮ ಕೈಕೆಳಗಿನ ಶಾಲೆಯಲ್ಲಿ ಶಿಕ್ಷಕಿ. ಹವಾಮಾನ ಕೆಟ್ಟರೆ ಮನುಷ್ಯನ ಮೈಗೆ ಏನಾಗುತ್ತದೆ ಎಂಬ ಪಾಠವನ್ನು ಅವಳು ಬಾಯಿಪಾಠ ಮಾಡಿಸಲಿಲ್ಲ. ಮಕ್ಕಳಿಗೆ ಟೋಪಿ ಹಾಕಿಸಿ, ಕೈಗೆ ಥರ್ಮಾಮೀಟರ್ ಕೊಟ್ಟು ಓಣಿ ಓಣಿ ಸುತ್ತಿಸಿದಳು. ನಿಂತ ಜಾಗ, ಅಲ್ಲಿನ ಬಿಸಿ, ಯಾವ ಮನೆಯಲ್ಲಿ ಯಾರಿಗೆ ತಲೆಸುತ್ತು ಬಂತು, ಎಲ್ಲವನ್ನೂ ಮೊಬೈಲಿಗೆ ತುಂಬಿಸಿದಳು. ಕಂಪ್ಯೂಟರಿನ ನಕ್ಷೆಯಲ್ಲಿ ಬಿಸಿ ಜಾಗ ಕೆಂಪಾಯಿತು, ಕಾಯಿಲೆ ಬಿದ್ದವರ ಮನೆ ಕಪ್ಪು ಚುಕ್ಕೆಯಾಯಿತು. ಚುಕ್ಕೆಗಳೆಲ್ಲ ಕೆಂಪಿನ ಮೇಲೇ ಕೂತಿದ್ದವು. ಮರ ಕಡಿದು ತಗಡು ಹೊದಿಸಿದ ನಮ್ಮ ಓಣಿಯಂತೂ ನಿಗಿನಿಗಿ ಕೆಂಡ. ಅಲ್ಲೇ ನನ್ನ ಇಸ್ತ್ರಿ ಅಂಗಡಿ. ಅವಳ ತಾಯಿ, ಅಂದರೆ ನನ್ನ ಅತ್ತಿಗೆ, ಇಸ್ತ್ರಿ ಮಾಡುತ್ತಾರೆ. ನಾನು ಆಡಳಿತ ನೋಡಿಕೊಳ್ಳುತ್ತೇನೆ.

ಮಕ್ಕಳು ನಕ್ಷೆ ಒಯ್ದು ತೋರಿಸಿದಾಗ ಪುರಸಭೆಯವರು ಓಣಿಯುದ್ದಕ್ಕೂ ನೆರಳಿನ ಬಟ್ಟೆ ಕಟ್ಟಿಸಿದರು. ಅತ್ತಿಗೆಯ ತಲೆಸುತ್ತು ನಿಂತಿತು. ಅಷ್ಟರಲ್ಲಿ ನಿಮ್ಮ ವಸ್ತುಪ್ರದರ್ಶನ ಬಂತು. “ಏನಮ್ಮಾ ಇಷ್ಟೊಂದು ಕೆಂಪು? ಬರೋರ ಕಣ್ಣಿಗೆ ತಂಪಾಗಿರ್ಲಿ, ಹಸಿರು ಮಾಡ್ಸು” ಅಂದಿರಿ. ನಮ್ಮ ಹುಡುಗಿ ಒಪ್ಪಲಿಲ್ಲ. ಅವಳಿಂದ ಆ ಪಾಠವನ್ನೇ ಕಿತ್ತುಕೊಂಡು, ಗುಮಾಸ್ತರ ಕೈಯಲ್ಲಿ ಹಸಿರು ಮಾಡಿಸಿ, ಕಂಪ್ಯೂಟರ್ ಕೋಣೆಗೆ ಬೀಗ ಜಡಿದಿರಿ. ಪ್ರದರ್ಶನಕ್ಕೆ ಬಂದ ಪುರಸಭೆಯವರು ಹಸಿರು ಕಂಡು ಹಿರಿಹಿರಿ ಹಿಗ್ಗಿದರು. ಓಣಿ ತಣ್ಣಗಾಯಿತೆಂದು ಮರುದಿನವೇ ನೆರಳಿನ ಬಟ್ಟೆ ಬಿಚ್ಚಿಕೊಂಡು ಹೋದರು! ಬಣ್ಣ ಬಳಿದರೆ ಬಿಸಿಲು ಆರುತ್ತದೆಯೇ? ಹಾಗಾದರೆ ಜ್ವರ ಬಂದವರಿಗೆ ಮಾತ್ರೆ ಯಾಕೆ, ಥರ್ಮಾಮೀಟರಿನ ಅಂಕಿ ಅಳಿಸಿದರೆ ಸಾಲದೇ?

ಅದೇ ವಾರ ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಕುಸಿದರು. ನೀರು ಚಿಮುಕಿಸಿದೆ. ಕಣ್ಣು ಬಿಟ್ಟವರೇ, “ಅಂಗಿ ಸುಟ್ಟೋಯ್ತಾ?” ಎಂದರು.

“ಅಂಗಿ ಹಾಳಾಗ್ಲಿ, ನಿಮಗೇನಾಯ್ತು ಅತ್ತಿಗೆ?”

“ನಂಗೇನಪ್ಪ ಆಗುತ್ತೆ? ನಾವೀಗ ಹಸಿರಲ್ಲಿದ್ದೀವಲ್ಲ!”

ಆಸ್ಪತ್ರೆಯಲ್ಲಿ ಮಗಳು ತಾಯಿಯ ಕಾಲ ಬಳಿ ಕೂತು, “ಚಿಕ್ಕಪ್ಪ, ನಮ್ಮ ಅಂಗಡಿ ಮೇಲೂ ಒಂದು ಚುಕ್ಕೆ ಇಡ್ಬೇಕು. ಕೋಣೆಗೆ ಬೀಗ ಇದೆ” ಎಂದಳು. ವಾದದಲ್ಲಿ ಎಂದೂ ಸೋಲದ ನಾನು ಅಲ್ಲೇ ಕೂತು ಈ ಪತ್ರ ಬರೆಯತೊಡಗಿದೆ.

ಆದ್ದರಿಂದ ಬೀಗ ತೆಗೆಯಿರಿ. ಪಾಠವನ್ನು ಅವಳಿಗೆ ಒಪ್ಪಿಸಿ. ಕೆಂಪನ್ನು ಕೆಂಪಾಗಿಯೇ ಪುರಸಭೆಯವರ ಕಣ್ಣೆದುರು ತೂಗುಹಾಕಿ. ಅತ್ತಿಗೆ ಸೋಮವಾರ ಕೆಲಸಕ್ಕೆ ಬಂದೇ ಬರುತ್ತೇನೆ ಎನ್ನುತ್ತಿದ್ದಾರೆ. ಅಷ್ಟರೊಳಗೆ ನೆರಳು ಬೇಕು.

ಇಂತಿ,
ಹಸಿರು ಓಣಿಯಲ್ಲಿ ಬೇಯುತ್ತಿರುವ
ಇಸ್ತ್ರಿ ಅಂಗಡಿಯ ಆಡಳಿತಾಧಿಕಾರಿ

ತಾ.ಕ.: ಪತ್ರ ಓದಿಸಿಕೊಂಡ ಅತ್ತಿಗೆ, “ಮೈದುನರಾಯರೇ, ಈ ಲಕ್ಷ ಎಲ್ಲಿಂದ ಬಂತು? ನೀವೂ ಬಣ್ಣ ಬಳಿದ್ರೆ ಅವ್ರನ್ನ ಯಾವ ಬಾಯಲ್ಲಿ ಕೇಳ್ತೀರಿ?” ಎಂದರು. ಆ ಲಕ್ಷವನ್ನು ಇಲ್ಲೇ ತಿದ್ದಿಕೊಳ್ಳುತ್ತಿದ್ದೇನೆ, ಇನ್ನು ತಿದ್ದಬೇಕಾದವರು ನೀವು. ಸುಟ್ಟ ಅಂಗಿಗೆಂದು ಗಿರಾಕಿಗೆ ನಾನು ತೆತ್ತದ್ದು ಮುನ್ನೂರ ನಲವತ್ತು ರೂಪಾಯಿ.