ಅಣ್ಣನ ಹೋಟೆಲಿನ ಕೊನೆಯ ದಿನ

ಡೊಂಬಿವಲಿ ಪೂರ್ವ,
೨೩ ಮಾರ್ಚ್ ೨೦೨೫, ರವಿವಾರ

ಪ್ರೀತಿಯ ಅನಸೂಯಕ್ಕನಿಗೆ,

ದಮಯಂತಿಯ ನಮಸ್ಕಾರಗಳು. ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೈಯಬೇಡಿ. ಮೊಣಕಾಲಿನ ಆಪರೇಷನ್ ಆದ ಮೇಲೆ ಮೇಜಿನ ಮುಂದೆ ಕಾಲು ಮಡಚಿ ಕೂರಲು ಆಗುತ್ತಿರಲಿಲ್ಲ. ಮಲಗಿಕೊಂಡು ಬರೆಯಲು ನೋಡಿದೆ, ಅಕ್ಷರ ನನಗೇ ಓದಲು ಬರಲಿಲ್ಲ. ಫೋನ್ ಮಾಡೋಣವೆಂದರೆ ನಿಮಗೆ ಫೋನಿನಲ್ಲಿ ಈಗ ಏನೂ ಕೇಳಿಸುವುದಿಲ್ಲವೆಂದು ದಿಶಾ ಹೇಳಿದಳು. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ ಡಬ್ಬಿಯಲ್ಲಿಟ್ಟು ಕಪಾಟಿಗೆ ಸೇರಿಸಿದ್ದೀರಂತೆ. ಭಿವಂಡಿಯ ಮಗ್ಗಗಳ ಸದ್ದಿನಲ್ಲಿ ಅಷ್ಟು ವರ್ಷ ಇದ್ದವರ ಕಿವಿ ಇಲ್ಲಿಯವರೆಗೆ ಬಾಳಿಕೆ ಬಂದದ್ದೇ ದೊಡ್ಡದು ಎಂದು ಇವರು ನಗಾಡಿದರು.

ದಿಶಾಳ ಮದುವೆ ನಿಶ್ಚಯವಾದದ್ದು ಕೇಳಿ ಬಹಳ ಸಂತೋಷವಾಯಿತು. ನಿಮ್ಮ ಮೊಮ್ಮಗಳು ನಮ್ಮ ಅನುಷ್ಕಾಳಿಗಿಂತ ಎಷ್ಟು ದೊಡ್ಡವಳು ಎಂದು ಲೆಕ್ಕ ಹಾಕುತ್ತಾ ಕೂತೆ, ಕೊನೆಗೆ ನಮ್ಮ ವಯಸ್ಸಿಗೆ ಬಂದು ನಿಲ್ಲಿಸಿದೆ. ಅನುಷ್ಕಾಳಿಗೆ ಬರುವ ವರ್ಷ ಹತ್ತನೆಯ ಪರೀಕ್ಷೆ. ನಾನು ತುಳುವಿನಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಹೇಳುತ್ತಾಳೆ. ನಾನು ಕೋಲು ಹಿಡಿದು ಹಾಲ್‌ನಲ್ಲಿ ನಡೆಯುವಾಗ ಪಕ್ಕದಲ್ಲೇ ಬರುತ್ತಾಳೆ, "ಅಜ್ಜಿ, ಆರಾಮ್ ಸೇ" ಎನ್ನುತ್ತಾಳೆ. ಸೊಸೆ ಮಾನಸಿ ಥಾಣೆಯ ಆಫೀಸಿಗೆ ಹೋಗುವ ಮುಂಚೆ ನನ್ನ ಮಾತ್ರೆಗಳನ್ನು ಎಣಿಸಿಟ್ಟು ಹೋಗುತ್ತಾಳೆ. ಶೈಲೇಶನಿಗೆ ಐರೋಲಿಯಲ್ಲಿ ಕೆಲಸ. ಲೋಕಲ್ ಟ್ರೇನಿನಲ್ಲಿ ಒಂದು ಕಾಲಿನ ಮೇಲೆ ನಿಂತು ಹೋಗುವುದು, ಹಾಗೆಯೇ ಬರುವುದು. ಅವರಿಂದ ನನಗೆ ಯಾವ ಕೊರತೆಯೂ ಇಲ್ಲ.

ಭಿವಂಡಿಯ ಹೋಟೆಲನ್ನು ನಿಜವಾಗಿಯೂ ಮುಚ್ಚಿದಿರಾ ಎಂದು ಕೇಳಿದ್ದೀರಿ. ಮುಚ್ಚಿದೆವು ಅಕ್ಕ. ಜನವರಿಯ ಕೊನೆಯಲ್ಲಿ.

ನೀವು ಬಿಟ್ಟುಹೋದಾಗಿನ ಊರನ್ನು ನೆನೆದರೆ ಈಗಿನದನ್ನು ಊಹಿಸಲಾರಿರಿ. ಅದು ಒಂದೇ ದಿನದಲ್ಲಿ ಬಿದ್ದ ಊರಲ್ಲ. ನೂಲಿನ ರೇಟು ಏರಿತು, ಕರೆಂಟಿನ ಬಿಲ್ಲು ಏರಿತು, ಬಟ್ಟೆಯ ರೇಟು ಮಾತ್ರ ಇದ್ದಲ್ಲೇ ಇತ್ತು. ಹೊರಗಿನಿಂದ ಅಗ್ಗದ ಬಟ್ಟೆ ಬಂತು. ಮೊದಲು ರಾತ್ರಿ ಪಾಳಿ ನಿಂತಿತು. ಆಮೇಲೆ ಅರ್ಧ ವಾರ ಮಾತ್ರ ಮಗ್ಗಗಳು ಓಡುತ್ತಿದ್ದವು. ಈದ್‌ಗೆ, ಛಠ್ ಹಬ್ಬಕ್ಕೆ ಎಂದು ಊರಿಗೆ ಹೋದ ಕೆಲಸಗಾರರು ಬಹಳ ಮಂದಿ ತಿರುಗಿ ಬರಲೇ ಇಲ್ಲ. ಅವರು ಬಾರದೆ ಅವರಿದ್ದ ಬಾಡಿಗೆ ಖೋಲಿಗಳು ಖಾಲಿಯಾದವು. ಖೋಲಿಗಳು ಖಾಲಿಯಾದ ಮೇಲೆ ಕಿರಾಣಿ ಅಂಗಡಿ, ಕ್ಷೌರದಂಗಡಿ, ನಿಮ್ಮ ಮನೆಯ ಕೆಳಗಿದ್ದ ಟೈಲರ್, ಹೀಗೆ ಒಬ್ಬೊಬ್ಬರೇ ಬಾಗಿಲು ಹಾಕಿದರು. ಹತ್ತಾರು ಕಾರ್ಖಾನೆಗಳ ಮಾಲೀಕರೇ ಮಗ್ಗಗಳನ್ನು ಗುಜರಿಗೆ ಹಾಕಿದರು.

ಹೊರಗಿನಿಂದ ನೋಡಿದವರು ಭಿವಂಡಿ ಬೆಳೆಯುತ್ತಿದೆ ಎನ್ನುತ್ತಾರೆ. ಹೈವೇಯ ಬದಿಯಲ್ಲಿ, ಮಾನ್ಕೋಲಿ ಕಡೆ, ಕಣ್ಣು ಹಾಯಿಸಿದಷ್ಟೂ ಗೋದಾಮುಗಳು. ಆದರೆ ಅಲ್ಲಿನ ಹುಡುಗರು ಕಂಪೆನಿಯ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗುತ್ತಾರೆ. ಊರೊಳಗೆ ಕಾಲಿಡುವುದಿಲ್ಲ. ಹಸಿವಾದರೆ ಫೋನ್ ಒತ್ತುತ್ತಾರೆ.

ನಮ್ಮ ಹೋಟೆಲಿನ ಇಳಿತವನ್ನು ನಾನು ಹಿಟ್ಟಿನಲ್ಲಿ ನೋಡಿದೆ. ನಿಮಗೆ ನೆನಪಿರಬೇಕು, ಹಿಂದುಗಡೆ ಎರಡು ದೊಡ್ಡ ಗ್ರೈಂಡರ್ ತಿರುಗುತ್ತಿದ್ದವು, ಮುಂಡಪ್ಪಣ್ಣ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬೊಬ್ಬೆ ಹಾಕುತ್ತಿದ್ದರು. ಒಂದು ಗ್ರೈಂಡರ್ ಮೂಲೆ ಸೇರಿತು. ಮುಂಡಪ್ಪಣ್ಣನಿಗೆ ಕೊಡಲು ಸಂಬಳ ಹುಟ್ಟದೆ ಇವರೇ ಅವರನ್ನು ವಾಶಿಯ ಒಂದು ಕ್ಯಾಂಟೀನಿಗೆ ಸೇರಿಸಿ ಬಂದರು. ಕೊನೆಯ ವರ್ಷ ನಾನು ಇಲ್ಲಿ ಮನೆಯ ಮಿಕ್ಸರಿನಲ್ಲಿ ರುಬ್ಬಿಕೊಡುವುದು, ಇವರು ಅದನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೊಸ ಸೇತುವೆ ದಾಟಿ ಹೋಗುವುದು. ಆ ಹಿಟ್ಟಿನಲ್ಲೂ ಅರ್ಧ ವಾಪಸು ಬರುತ್ತಿತ್ತು. ನಾವೆಲ್ಲ ಸಂಜೆಗೆ ದೋಸೆ ತಿನ್ನುತ್ತಿದ್ದೆವು. ಅನುಷ್ಕಾ ದೋಸೆಯ ಹೆಸರೆತ್ತಿದರೆ ಮುಖ ತಿರುಗಿಸುವ ಹಾಗಾಯಿತು.

ಶೈಲೇಶ ಎಷ್ಟು ಸಲ ಹೇಳಿದನೋ. "ಪಪ್ಪ, ಯಾರಿಗೋಸ್ಕರ ಹೋಗ್ತೀರಿ? ಅಲ್ಲಿ ಈಗ ಯಾರುಂಟು?"

ಇವರು ಸಿಟ್ಟು ಮಾಡಲಿಲ್ಲ. "ಬಾಗಿಲು ತೆಗ್ದಿದ್ರೆ ಅಲ್ವಾ ಬರುದು? ಮುಚ್ಚಿದ್ರೆ ಬರುವವನೂ ಬರುದಿಲ್ಲ" ಎಂದರು.

"ಬಾಗಿಲು ತೆಗ್ದೇ ಉಂಟಲ್ಲ ಪಪ್ಪ ಇಷ್ಟು ವರ್ಷ."

ಇವರು ಹೆಲ್ಮೆಟ್ ಹಾಕಿಕೊಂಡು ಹೊರಟರು. ಅಪ್ಪ ಮಗನ ಜಗಳ ಅಷ್ಟೇ. ಅದಕ್ಕಿಂತ ದೊಡ್ಡದಾಗಿ ಅವರು ಜಗಳ ಮಾಡಿದ್ದನ್ನು ನಾನು ನೋಡಿಲ್ಲ.

ನಿಸಾರ್ ಮೋಮಿನರನ್ನು ನೀವು ಮರೆತಿರಲಾರಿರಿ. ನಮ್ಮ ಹೋಟೆಲಿನ ಕಟ್ಟಡ ಅವರದೇ, ಹಿಂದಿನ ಮಗ್ಗದ ಕಾರ್ಖಾನೆಯೂ ಅವರದೇ. ಎರಡೂ ಅವರ ತಂದೆ ಕಟ್ಟಿಸಿದ್ದು. ಬಾಡಿಗೆ ಏರಿಸುವ ಮಾತನ್ನು ಅವರು ಎತ್ತಿದ್ದೇ ಇಲ್ಲ. ಬೆಳಿಗ್ಗೆ ಬಂದು ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಚಹಾ ಕುಡಿದ ಮೇಲೆಯೇ ಅವರ ಕಾರ್ಖಾನೆಯ ಬಾಗಿಲು ತೆಗೆಯುತ್ತಿದ್ದದ್ದು. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಅವರು ಚಹಾವನ್ನು ಮುಟ್ಟದೆ ಕೂತಿದ್ದರಂತೆ. ಇವರು ಏನೆಂದು ಕೇಳಿದ್ದಕ್ಕೆ, "ಕಲ್ ಭಂಗಾರ್‌ವಾಲೇ ಆ ರಹೇ ಹೈ, ದೇವದಾಸ್ ಭಾಯ್. ಬಸ್, ಬಾಜೂ ಮೇ ಖಡೇ ರಹನಾ" ಎಂದರಂತೆ. ನಾಳೆ ಗುಜರಿಯವರು ಬರುತ್ತಾರೆ, ಪಕ್ಕದಲ್ಲಿ ನಿಂತಿದ್ದರೆ ಸಾಕು ಎಂದು.

ಮರುದಿನ ಇವರು ಹೋಟೆಲಿಗೆ ಬೀಗ ಹಾಕಿ ಹೋಗಿ ನಿಂತರು. ಗುಜರಿಯವರು ಮಗ್ಗವನ್ನು ಬಿಚ್ಚಿ ಒಯ್ಯುವುದಿಲ್ಲ ಅಕ್ಕ, ಸುತ್ತಿಗೆಯಿಂದ ಒಡೆಯುತ್ತಾರೆ. ಬೀಡು ಕಬ್ಬಿಣವಲ್ಲವೇ, ಒಂದೆರಡು ಪೆಟ್ಟಿಗೆ ತುಂಡಾಗುತ್ತದೆ. ಒಂದು ಮಗ್ಗದಲ್ಲಿ ಅರ್ಧ ನೆಯ್ದ ಬಟ್ಟೆ ಹಾಗೆಯೇ ಇತ್ತಂತೆ. ನಿಸಾರ್ ಭಾಯ್ ಕೆಲಸ ನಿಲ್ಲಿಸಿ, ಆ ಬಟ್ಟೆಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ಮಡಚಿಟ್ಟು, ಆಮೇಲೆ ಒಡೆಯಿರಿ ಎಂದರಂತೆ. ಸಂಜೆ ಮನೆಗೆ ಬಂದ ಇವರು ಇಷ್ಟನ್ನು ಹೇಳಿ ಸ್ನಾನಕ್ಕೆ ಹೋದರು. ಬಹಳ ಹೊತ್ತು ನೀರಿನ ಸದ್ದೇ ಕೇಳಲಿಲ್ಲ. ನಾನು ಬಾಗಿಲು ತಟ್ಟಿದ ಮೇಲೆ ನಲ್ಲಿ ತಿರುಗಿಸಿದರು.

ಆಮೇಲೆ ಜಾಗವನ್ನೂ ಮಾರಬೇಕಾಯಿತು. ನಿಸಾರ್ ಭಾಯ್ ಅದನ್ನು ಹೇಳಲು ಡೊಂಬಿವಲಿಯ ಮನೆಗೇ ಬಂದರು. ಕೊಂಡವರು ಕಾರ್ಖಾನೆ, ಹೋಟೆಲು ಎರಡನ್ನೂ ಕೆಡವಿ ಗೋದಾಮು ಕಟ್ಟುತ್ತಾರಂತೆ. ಅವರು ನನ್ನ ಮುಖ ನೋಡದೆ, "ಭಾಬೀಜಿ, ಮಾಫ್ ಕರನಾ" ಎಂದರು. ಇವರು ಎದ್ದು ಹೋಗಿ ಅವರ ಪಕ್ಕದಲ್ಲೇ ಕೂತು, "ನೀವು ಇಷ್ಟು ವರ್ಷ ಇಟ್ಟುಕೊಂಡದ್ದೇ ಹೆಚ್ಚು" ಎಂದು ಹಿಂದಿಯಲ್ಲಿ ಹೇಳಿದರು. ಇಬ್ಬರೂ ನನ್ನ ಕೈಯ ಚಹಾ ಕುಡಿದು ಕ್ರಿಕೆಟ್ ಮಾತಾಡಿದರು.

ಕೊನೆಯ ದಿನ ಗೊತ್ತಾದ ಮೇಲೆ ಇವರಿಗೆ ಒಂದು ಹುರುಪು ಬಂತು. ಹಳಬರನ್ನೆಲ್ಲ ಕರೆಯಬೇಕು, ದುಡ್ಡು ತೆಗೆದುಕೊಳ್ಳದೆ ಊಟ ಹಾಕಬೇಕು, ಕಡಲೆಬೇಳೆ ಪಾಯಸ ಮಾಡಬೇಕು ಎಂದರು. ಗೋಡೆಗೆ ಹಿಂದಿಯಲ್ಲಿ ಬರೆದು ಅಂಟಿಸಿದರು. ಗೊತ್ತಿದ್ದ ನಂಬರುಗಳಿಗೆಲ್ಲ ಫೋನ್ ಮಾಡಿದರು. ಕೆಲವು ನಂಬರುಗಳಲ್ಲಿ ಬೇರೆ ಯಾರೋ ಎತ್ತಿದರು, ಅವರನ್ನೂ ಇವರು ಊಟಕ್ಕೆ ಕರೆದರು. ಬೋರ್ಡಿನಲ್ಲಿದ್ದ ಹೆಸರನ್ನು ಆ ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲವಲ್ಲ. ಎಲ್ಲರಿಗೂ ಅದು ಅಣ್ಣನ ಹೋಟೆಲ್. "ಅಣ್ಣಾ ಬೋಲ್ ರಹಾ ಹೂಂ, ಭಿವಂಡಿ ಸೇ" ಎಂದು ಇವರು ಹೇಳುವುದು ನನಗೆ ಒಳಗೆ ಮಂಚದವರೆಗೂ ಕೇಳಿಸುತ್ತಿತ್ತು. ನನಗೆ ಹೋಗಲಾಗಲಿಲ್ಲ, ಆಪರೇಷನ್ ಆಗಿ ತಿಂಗಳಾಗಿತ್ತು ಅಷ್ಟೇ. ಶೈಲೇಶ ರಜೆ ಹಾಕುತ್ತೇನೆಂದ. "ನೀನು ಬಂದು ಎಂತ ಮಾಡ್ತಿ? ಬಡಿಸಲಿಕ್ಕೆ ಗೊತ್ತುಂಟಾ ನಿಂಗೆ?" ಎಂದು ಇವರು ಅವನನ್ನು ಆಫೀಸಿಗೆ ಅಟ್ಟಿದರು.

ಆ ದಿನ ಬೆಳಗಾಗುವ ಮೊದಲೇ ಹೋದರು. ಸಂಜೆ ರಿಕ್ಷಾದಲ್ಲಿ ಬಂದರು. ದೊಡ್ಡ ಪಾತ್ರೆ ಖಾಲಿ, ತೊಳೆದು ತಂದಿದ್ದರು. ಮುಖದಲ್ಲಿ ಆಯಾಸವಿತ್ತು, ಆದರೆ ಕೂತವರೇ ಹೇಳತೊಡಗಿದರು.

"ಎಂತ ಜನ ಗೊತ್ತುಂಟಾ ದಮಯಂತಿ. ಕೂತ್ಕೊಳ್ಳಲಿಕ್ಕೆ ಜಾಗ ಇರ್ಲಿಲ್ಲ. ಎರಡು ಪ್ಲೇಟ್ ಉಪ್ಪಿಟ್ಟು ತಿಂತಿದ್ದ ಆ ತೆಲುಗಿನ ಮೇಸ್ತ್ರಿ ಬಂದಿದ್ದ, ಮಗನ ಸ್ಕೂಟರಲ್ಲಿ. ಸಕ್ಕರೆ ಇಲ್ಲದ ಚಹಾದ ಬಟ್ಟೆ ದಲ್ಲಾಳಿ ಬಂದಿದ್ರು, ಪಾಯಸ ಮಾತ್ರ ಎರಡು ಸಲ ಹಾಕಿಸಿಕೊಂಡ್ರು. ಉಲ್ಲಾಸನಗರದಿಂದ ಬಂದವರುಂಟು. ವಾಶಿಯಿಂದ ಮುಂಡಪ್ಪ ರಜೆ ಹಾಕಿ ಬಂದು ಒಳಗೇ ನಿಂತ, ಹೊರಗೆ ಬರ್ಲೇ ಇಲ್ಲ."

"ಫೋಟೋ ತೆಗ್ದಿಲ್ವಾ?" ಎಂದು ಕೇಳಿದೆ.

"ಅದೊಂದು ನೆನಪಾಗ್ಲಿಲ್ಲ ನೋಡು. ಕೈ ಖಾಲಿ ಇದ್ರಲ್ವಾ?"

ನಿಸಾರ್ ಭಾಯ್ ಶಾಲು ಹೊದಿಸಲು ಬಂದದ್ದು, ಇವರು ಬೇಡವೆಂದದ್ದು, ಕೊನೆಗೆ ಎಲ್ಲರೂ ಸೇರಿ ಶಟರ್ ಎಳೆದದ್ದು, ಎಲ್ಲವನ್ನೂ ಹೇಳಿದರು. ಮಾನಸಿ ಕಣ್ಣೊರಸಿಕೊಂಡಳು. ಶೈಲೇಶ ಅಪ್ಪನ ಕಾಲಿನ ಹತ್ತಿರ ನೆಲದ ಮೇಲೆ ಕೂತು, "ನಾನು ಬರಬೇಕಿತ್ತು ಪಪ್ಪ" ಎಂದ. ಮನೆಯಲ್ಲಿ ಬಹಳ ದಿನಗಳ ಮೇಲೆ ಅಂಥ ಒಂದು ಸಂಜೆ.

ಇವರು ಈಗ ಆರಾಮಾಗಿದ್ದಾರೆ. ಬೆಳಿಗ್ಗೆ ಸ್ಟೇಷನ್ ತನಕ ನಡೆದು ಬರುತ್ತಾರೆ, ತರಕಾರಿ ತರುತ್ತಾರೆ, ಅನುಷ್ಕಾಳಿಗೆ ಗಣಿತ ಹೇಳಿಕೊಡಲು ಹೋಗಿ ಅವಳಿಂದಲೇ ಹೇಳಿಸಿಕೊಳ್ಳುತ್ತಾರೆ. ಮೇ ತಿಂಗಳಲ್ಲಿ ದಿಶಾಳ ಮದುವೆಗೆ ಇವರೊಬ್ಬರೇ ಬರುತ್ತಾರೆ. ಅಷ್ಟು ದೂರದ ಪ್ರಯಾಣ ಈಗ ಬೇಡವೆಂದು ಡಾಕ್ಟರು ನನ್ನನ್ನು ತಡೆದಿದ್ದಾರೆ. ಎರಡು ದಿನ ಹೆಚ್ಚಿಗೆ ಉಳಿಸಿಕೊಳ್ಳಿ. ಕಿನ್ನಿಗೋಳಿಯ ಪೇಟೆಯಲ್ಲಿ ಒಂದು ಸುತ್ತು ಹಾಕಿಸಿ, ಅಲ್ಲಿನ ಹೋಟೆಲುಗಳ ಸಾಂಬಾರಿಗೆ ತಪ್ಪು ಹೇಳಿಕೊಂಡು ತಿರುಗಲಿ.

ದಿಶಾಳಿಗೂ ಅವಳ ಕೈ ಹಿಡಿಯುವ ಹುಡುಗನಿಗೂ ನನ್ನ ಆಶೀರ್ವಾದ. ಅವರ ಮನೆಯ ಬಾಗಿಲಿಗೆ ಬಂದವರು ಹಸಿದು ಹೋಗದಿರಲಿ, ಬರುವವರಿಗೆ ಬರವೂ ಬಾರದಿರಲಿ. ನೀವು ಆ ಕಿವಿಯ ಮಿಷನನ್ನು ಮದುವೆಯ ದಿನವಾದರೂ ಹಾಕಿಕೊಳ್ಳಿ.

ನಿಮ್ಮ,
ದಮಯಂತಿ

ತಾ.ಕ. ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಇವರು ತರಕಾರಿಗೆ ಹೋಗಿದ್ದಾರೆ. ಈ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಆ ದಿನ ಯಾರೂ ಬರಲಿಲ್ಲ ಅಕ್ಕ. ಒಬ್ಬರೂ. ನನ್ನ ಕಾಲು ಹೇಗಿದೆ ಎಂದು ನೋಡಲು ಫೆಬ್ರವರಿಯಲ್ಲಿ ನಿಸಾರ್ ಭಾಯ್ ಬಂದಿದ್ದರು. ಇವರು ಮನೆಯಲ್ಲಿರಲಿಲ್ಲ. ನನಗೆ ಗೊತ್ತಿದೆಯೆಂದುಕೊಂಡು ಅವರು ಹೇಳಿಬಿಟ್ಟರು. ಜಾಗದ ರಿಜಿಸ್ಟ್ರಿ ಮುಗಿಸಿ ಅವರು ಬರುವಾಗ ಮಧ್ಯಾಹ್ನ ಕಳೆದಿತ್ತಂತೆ. ಎಲೆಗಳೆಲ್ಲ ಹಾಕಿದಂತೆಯೇ ಇದ್ದವು, ಇವರು ಗಲ್ಲಾದಲ್ಲಿ ಕೂತಿದ್ದರು. ಮುಂಡಪ್ಪಣ್ಣನಿಗೆ ರಜೆ ಸಿಕ್ಕಿರಲಿಲ್ಲ. ಇಬ್ಬರೇ ಸೇರಿ ಅನ್ನ, ಸಾಂಬಾರು, ಪಾಯಸವನ್ನೆಲ್ಲ ಟೆಂಪೋದಲ್ಲಿಟ್ಟು ಮಾನ್ಕೋಲಿಯ ಒಂದು ಗೋದಾಮಿನ ಗೇಟಿಗೆ ಒಯ್ದರಂತೆ. ಪಾಳಿ ಬಿಟ್ಟು ಬರುತ್ತಿದ್ದ ಹುಡುಗರಿಗೆ ಇವರೇ ಬಡಿಸಿದರು. ಒಬ್ಬ ಹುಡುಗ ಪಾಯಸ ಕುಡಿದು, "ಅಂಕಲ್, ಕೌನ್ಸೀ ಪಾರ್ಟೀ ಕಾ ಹೈ?" ಎಂದು ಕೇಳಿದನಂತೆ. ಎಲೆಕ್ಷನ್ನಿಗೆ ಯಾವುದೋ ಪಾರ್ಟಿಯವರು ಹಾಕಿಸುವ ಊಟವೆಂದುಕೊಂಡನೋ ಏನೋ. ಇವರು, "ಕಿಸೀ ಕಾ ನಹೀಂ ಬೇಟಾ, ಖಾಓ" ಎಂದರಂತೆ. ಯಾರದೂ ಅಲ್ಲ ಮಗಾ, ತಿನ್ನು ಎಂದು.

ಮದುವೆಯಾದಂದಿನಿಂದ ಇವರು ನನಗೆ ಸುಳ್ಳು ಹೇಳಿದವರಲ್ಲ. ಬರುವ ಹೋಗುವವರಿಗೆಲ್ಲ ಈಗ ಆ ದಿನದ ಕತೆ ಹೇಳುತ್ತಾರೆ. ಪ್ರತಿ ಸಲವೂ ಒಬ್ಬಿಬ್ಬರು ಹೆಚ್ಚಿಗೆ ಬಂದಿರುತ್ತಾರೆ. ನಿಮ್ಮಲ್ಲಿಗೆ ಬಂದಾಗ ನೀವಾಗಿಯೇ ಕೇಳಿ, ಯಾರೆಲ್ಲ ಬಂದಿದ್ದರು ಎಂದು. ಪೂರ್ತಿ ಹೇಳಲಿ. ನಡುವೆ ತಡೆಯಬೇಡಿ.

ಹೋದ ವಾರ ಮೇಲಿನ ಮಹಡಿಯವರು ಬಂದಿದ್ದರು. ಅವರಿಗೆ ಹೇಳುವಾಗ ನಾನೂ ಅಲ್ಲಿದ್ದೆನೆಂದರು. ಕಾಲು ನೋವಿದ್ದರೂ ಕೂರದೆ, ಕೊನೆಯ ಪಂಕ್ತಿಯವರೆಗೂ ನಾನೇ ಪಾಯಸ ಬಡಿಸಿದೆನಂತೆ. ಹೇಳಿ ನನ್ನ ಕಡೆ ನೋಡಿದರು. ನಾನು ಹೌದೆಂದೆ.